ದಾವಣಗೆರೆಲಿ ಹಳೇ ಬೈಕಿನ ವೈರಿಂಗ್ ಕೆಲಸಕ್ಕೆ ಈ ಅಂಗಡಿ: ಮೊದ್ಲು ಅಳೀತಾರೆ, ಆಮೇಲೆ ಬಿಚ್ತಾರೆ

ಹಳೇ ಬೈಕು ಇಟ್ಕೊಂಡಿರೋ ದಾವಣಗೆರೆ, ಹರಿಹರ ಕಡೆಯೋರಿಗೆ ಅಂತ ಇದನ್ನ ಬರೀತಿದೀನಿ. ಹದಡಿ ರಸ್ತೆಯಿಂದ ಒಳಗಡೆ ಒಂದು ಓಣಿಲಿ ಟೂ ವೀಲರ್ ಎಲೆಕ್ಟ್ರಿಷಿಯನ್ ಒಬ್ರ ಅಂಗಡಿ ಇದೆ, ಬೋರ್ಡ್ ಇಲ್ಲ, ಹೊರಗಡೆ ಹಳೇ ಸ್ಪ್ಲೆಂಡರು, ಆರ್‌ಎಕ್ಸ್ ಹಂಡ್ರೆಡ್ಡು, ಬುಲೆಟ್ಟು ಸೀಟ್ ಬಿಚ್ಚಿ ನಿಂತಿದ್ರೆ ಅದೇ ಅಂಗಡಿ ಅನ್ಕೊಳ್ಳಿ. ವಯಸ್ಸಾದೋರು, ಎಲ್ರೂ ಚಾಚಾ ಅಂತಾರೆ, ನಾನೂ ಹಂಗೇ ಕರೀತೀನಿ. ನನ್ನ ಪ್ರಕಾರ ಊರಲ್ಲಿ ಇಂಜಿನ್ ಕೆಲಸ ಚೆನ್ನಾಗಿ ಮಾಡೋ ಮೆಕ್ಯಾನಿಕ್‌ಗಳು ಬೇಕಾದಷ್ಟು ಜನ ಸಿಗ್ತಾರೆ, ಆದ್ರೆ ಕರೆಂಟಿನ ಪ್ರಾಬ್ಲಮ್ ಬಂದ್ರೆ ಕೂತು ಹುಡುಕೋರು ಬಹಳ ಕಮ್ಮಿ, ಇವ್ರು ಹುಡುಕ್ತಾರೆ.

ನಮ್ಮದು ಅಪ್ಪ 1996ರಲ್ಲಿ ತಗೊಂಡ ಬುಲೆಟ್ ಸ್ಟ್ಯಾಂಡರ್ಡ್ ತ್ರೀ ಫಿಫ್ಟಿ, ಪಾಯಿಂಟ್ (ಸ್ಪಾರ್ಕ್ ಬರಿಸೋಕೆ ಕೂಡಿ ಬಿಡೋ ಚಿಕ್ಕ ಸ್ವಿಚ್ಚು) ಇರೋದು, ಅಂದ್ರೆ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಲೇ ಇದ್ದಾಗಿನ ಗಾಡಿ. ದುರ್ಗದಿಂದ ಸಂಜೆ ವಾಪಸ್ ಬರ್ತಾ ಆನಗೋಡು ಹತ್ರ ಟೀ ಕುಡಿಯೋಣ ಅಂತ ಹೈವೇ ಬಿಟ್ಟು ಸರ್ವೀಸ್ ರೋಡಿಗೆ ಇಳಿದು ಹ್ಯಾಂಡಲ್ ತಿರುಗಿಸ್ತಿದ್ದಂಗೆ ಎಲ್ಲಾ ಒಂದೇ ಸಲ ಹೋಯ್ತು, ಹೆಡ್‌ಲೈಟ್ ಇಲ್ಲ ಹಾರ್ನ್ ಇಲ್ಲ ಇಂಜಿನ್ನೂ ಬಂದ್. ಆಂಪಿಯರ್ ಮೀಟರಿನ ಮುಳ್ಳು ಕೀ ಆನ್ ಮಾಡಿದ್ರೂ ನಡುವಲ್ಲೇ ನಿಂತಿತ್ತು, ಅಲುಗಾಡ್ಲಿಲ್ಲ, ಅಂದ್ರೆ ಕರೆಂಟೇ ಹರೀತಿರ್ಲಿಲ್ಲ. ಅಲ್ಲಿಂದ ಗೂಡ್ಸ್ ಆಟೋಲಿ ಊರಿಗೆ ತಂದಿದ್ದಾಯ್ತು.

ಮೊದ್ಲು ತೋರಿಸಿದ್ದು ಬೇರೆ ಒಂದು ಕಡೆ. ಅಲ್ಲಿ ಫ್ಯೂಸ್ ಹೋಗಿದೆ ಅಂದ್ರು, ಹಾಕಿದ್ರು, ಸ್ಟಾರ್ಟ್ ಆಯ್ತು, ಅಂಗಡಿಯಿಂದ ರೋಡಿಗೆ ತಿರುಗಿಸೋ ಅಷ್ಟರಲ್ಲಿ ಮತ್ತೆ ಹೋಯ್ತು. ಆಮೇಲೆ ದಪ್ಪ ಫ್ಯೂಸ್ ಹಾಕ್ತೀನಿ ಅಂದ್ರು, ಅದಕ್ಕೆ ನಾನು ಒಪ್ಪಲಿಲ್ಲ, ಹಂಗಾದ್ರೆ ಬ್ಯಾಟರಿ ಹೋಗಿದೆ, ವೈರಿಂಗ್ ಕಿಟ್ಟೂ ಪೂರ್ತಿ ಚೇಂಜ್ ಮಾಡ್ಬೇಕು ಅಂದ್ರು. ಒಂದು ಮೀಟರ್ ಕೂಡ ಇಟ್ಟು ನೋಡಿರ್ಲಿಲ್ಲ. ನನಗೆ ಕೋಪ ಬಂದಿದ್ದು ಇದಕ್ಕೇ, ದುಡ್ಡಿನ ವಿಷಯ ಆಮೇಲಿಂದು, ಏನಾಗಿದೆ ಅಂತ ಗೊತ್ತಿಲ್ಲದೇನೇ ಇಡೀ ಗಾಡಿ ವೈರು ಕಿತ್ತು ಬಿಸಾಕೋದು ಯಾವ ರಿಪೇರಿ?

ಚಾಚಾ ಹತ್ರ ಹೋದಾಗ ಅವ್ರು ಗಾಡಿ ಮುಟ್ಟೋಕೆ ಮುಂಚೆ ಕೇಳಿದ್ದೇ ಜಾಸ್ತಿ. ಲೈಟು ನಿಧಾನಕ್ಕೆ ಮಂಕಾಗಿ ಹೋಯ್ತಾ, ಇಲ್ಲಾ ಪಟ್ ಅಂತ ಹೋಯ್ತಾ? ಗುಂಡಿಗೆ ಬಿದ್ದಾಗ್ಲಾ, ತಿರುಗಿಸಿದಾಗ್ಲಾ? ಹೊಸ ಹಾರ್ನು, ಎಕ್ಸ್ಟ್ರಾ ಲೈಟು ಏನಾದ್ರೂ ಹಾಕ್ಸಿದೀರಾ? ವಾಶ್ ಮಾಡ್ಸಿದ್ರಾ? ನಾನು ತಿರುಗಿಸುವಾಗ ಅಂದ ತಕ್ಷಣ "ಯಾವ ಕಡೆಗೆ ತಮ್ಮಾ?" ಅಂದ್ರು. ಬಲಕ್ಕೆ ಅಂದೆ. "ನಿಧಾನಕ್ಕೆ ಮಂಕಾದ್ರೆ ಚಾರ್ಜಿಂಗ್ ಕಡೆ ನೋಡ್ಬೇಕು, ಪಟ್ ಅಂತ ಹೋದ್ರೆ ಫ್ಯೂಸು, ಕೀ ಸ್ವಿಚ್ಚು, ಇಲ್ಲಾ ಎಲ್ಲೋ ವೈರು ಬಾಡಿಗೆ ಟಚ್ ಆಗೈತೆ, ಇಷ್ಟೇ ನೋಡು" ಅಂದ್ರು.

ಮೊದಲು ಬ್ಯಾಟರಿ. ಸುಮ್ನೆ ಇದ್ದಾಗ ಮೀಟರಲ್ಲಿ 12.5 ವೋಲ್ಟ್ ತೋರಿಸ್ತು, ಅದನ್ನ ನಂಬಬೇಡ ಅಂತ ಬ್ಯಾಟರಿಗೆ ನೇರವಾಗಿ ಹೆಡ್‌ಲೈಟ್ ಬಲ್ಬು ಕೊಟ್ಟು ಮತ್ತೆ ಅಳೆದ್ರು, ಸ್ವಲ್ಪ ಇಳಿದು ನಿಂತ್ಕೊಂಡ್ತು. ಹೋಗಿರೋ ಬ್ಯಾಟರಿ ಲೋಡ್ ಇಲ್ಲದಾಗ ಹನ್ನೆರಡೂವರೆ ತೋರಿಸಿ ಲೋಡ್ ಕೊಟ್ಟ ಕೂಡ್ಲೇ ಹತ್ತಕ್ಕಿಂತ ಕೆಳಗೆ ಬೀಳುತ್ತಂತೆ. ಅಲ್ಲಿಗೆ ನಮ್ಮ ಬ್ಯಾಟರಿ ಚೆನ್ನಾಗಿದೆ ಅಂತ ಎರಡೇ ನಿಮಿಷಕ್ಕೆ ಗೊತ್ತಾಯ್ತು.

ಆಮೇಲೆ ಮಾಡಿದ್ದು ನನಗೆ ತುಂಬಾ ಇಷ್ಟ ಆಯ್ತು. ಫ್ಯೂಸ್ ಜಾಗಕ್ಕೆ ಹೊಸ ಫ್ಯೂಸ್ ಹಾಕ್ಲಿಲ್ಲ, ಎರಡು ವೈರ್ ಸಿಕ್ಕಿಸಿರೋ ಒಂದು ಬ್ರೇಕ್ ಲೈಟ್ ಬಲ್ಬು, 12 ವೋಲ್ಟ್ 21 ವ್ಯಾಟಿಂದು, ಅದನ್ನ ಅಲ್ಲಿ ಕೊಟ್ರು. ಶಾರ್ಟ್ ಇದ್ರೆ ಬಲ್ಬು ಫುಲ್ ಉರಿಯುತ್ತೆ, ಆದ್ರೆ ಬಲ್ಬೇ ಕರೆಂಟನ್ನ ಎರಡು ಆಂಪಿಯರ್ ಒಳಗೆ ಹಿಡಿಯೋದ್ರಿಂದ ವೈರು ಸುಡಲ್ಲ, ಫ್ಯೂಸ್ ಮೇಲೆ ಫ್ಯೂಸ್ ಸುಡೋದೂ ತಪ್ಪುತ್ತೆ. ಕೀ ಆಫಲ್ಲೇ ಇಟ್ಟು ಹ್ಯಾಂಡಲ್ ನೇರ ಇಟ್ರು, ಬಲ್ಬು ಉರೀಲಿಲ್ಲ. ಎಡಕ್ಕೆ ತಿರುಗಿಸಿದ್ರು, ಇಲ್ಲ. ಬಲಕ್ಕೆ ಪೂರ್ತಿ ತಿರುಗಿಸಿದ್ರು ನೋಡಿ, ಬಲ್ಬು ಝಗ್ ಅಂತ ಉರೀತು. ಕೀ ಆಫ್ ಇದ್ರೂ ಉರೀತಿದೆ ಅಂದ್ರೆ ಶಾರ್ಟ್ ಇರೋದು ಬ್ಯಾಟರಿಯಿಂದ ಕೀ ಸ್ವಿಚ್ಚಿಗೆ ಹೋಗೋ ವೈರಲ್ಲೇ, ಸ್ವಿಚ್ಚಾದ್ಮೇಲೆ ಬರೋ ಹಾರ್ನು, ಲೈಟು, ಸ್ಪಾರ್ಕ್ ಕೊಡೋ ಕಾಯಿಲು ಇದ್ಯಾವುದರ ತಪ್ಪೂ ಅಲ್ಲ. ಒಂದು ಬಲ್ಬು, ಒಂದು ಹ್ಯಾಂಡಲ್, ಅಷ್ಟರಲ್ಲೇ ಅರ್ಧ ಗಾಡಿಯನ್ನ ಲಿಸ್ಟಿಂದ ತೆಗೆದುಬಿಟ್ರು!

ಇಷ್ಟಕ್ಕೇ ಬಿಡ್ಲಿಲ್ಲ, ಹ್ಯಾಂಡಲ್ ನೇರ ಇಟ್ಟು ಕೀ ಆನ್ ಮಾಡಿ ಉಳಿದ ಲೈನೂ ನೋಡಿದ್ರು. ಅದಕ್ಕೆ ಮುಂಚೆ ಪಾಯಿಂಟ್ ಕವರ್ ತೆಗೆದು ಪಾಯಿಂಟಿನ ನಡುವೆ ಒಂದು ಕಾಗದದ ಚೂರು ಇಟ್ರು. ಯಾಕೆ ಚಾಚಾ ಅಂತ ಕೇಳಿದ್ದಕ್ಕೆ, ಪಾಯಿಂಟ್ ಕೂಡಿಕೊಂಡಿದ್ರೆ ಕಾಯಿಲ್ ಕರೆಂಟ್ ಎಳೆಯುತ್ತೆ, ಬಲ್ಬು ಉರಿಯುತ್ತೆ, ಅದನ್ನ ನೋಡಿ ಶಾರ್ಟ್ ಅನ್ಕೊಂಡು ಸುಮ್ನೆ ವೈರೆಲ್ಲಾ ಬಿಚ್ತಾರೆ ಅಂದ್ರು. ಇದು ಗೊತ್ತಿರೋರು ಈಗ ಎಷ್ಟು ಜನ ಇದಾರೆ ಹೇಳಿ.

ಟ್ಯಾಂಕ್ ತೆಗೆದ್ರೆ ಹ್ಯಾಂಡಲ್ ಕುತ್ತಿಗೆ ಹತ್ರ ವೈರಿಂಗ್ ಹೆಡ್‌ಲೈಟ್ ಕಡೆ ಹೋಗೋ ಜಾಗದಲ್ಲಿ ಮೇಲಿನ ಟೇಪು ಸವೆದು ಹೋಗಿತ್ತು, ಒಳಗೆ ಒಂದು ವೈರಿನ ಪ್ಲಾಸ್ಟಿಕ್ ಬಿಸಿಲಿಗೆ ಕಾದು ಕಾದು ಗಟ್ಟಿಯಾಗಿ ಬಿರುಕು ಬಿಟ್ಟು ತಾಮ್ರ ಕಾಣ್ತಿತ್ತು, ಬಲಕ್ಕೆ ತಿರುಗಿಸಿದಾಗ ಅದು ಚಾಸಿಸ್‌ಗೆ ತಾಗ್ತಿತ್ತು. ಒಂದು ಗೇಣು ವೈರು ಅಷ್ಟೇ. ಆ ತುಂಡು ಕತ್ತರಿಸಿ ಅದೇ ದಪ್ಪದ ಹೊಸ ವೈರ್ ಸೇರಿಸಿ ಸೋಲ್ಡರ್ ಮಾಡಿ ಮೇಲೆ ಸ್ಲೀವ್ ಹಾಕಿ ಬಿಸಿ ಮಾಡಿ ಬಿಗಿ ಮಾಡಿದ್ರು, ಬರೀ ತಿರುಚಿ ಟೇಪ್ ಸುತ್ತಲಿಲ್ಲ. ಹ್ಯಾಂಡಲ್ ಆ ಕಡೆ ಈ ಕಡೆ ಪೂರ್ತಿ ತಿರುಗಿಸಿ ವೈರು ಎಳೀತಿಲ್ಲ ಅಂತ ನೋಡ್ಕೊಂಡೇ ಟೈ ಹಾಕಿದ್ದು.

ಅರ್ಥಿಂಗೂ ನೋಡಿದ್ರು. ಲೈಟ್ ಆನ್ ಮಾಡಿ ಮೀಟರಿನ ಒಂದು ಪಿನ್ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಬಾಡಿಗೆ ಇಟ್ರೆ ಹೆಚ್ಚುಕಮ್ಮಿ ಸೊನ್ನೆ ಬರ್ಬೇಕಂತೆ, ನಮ್ದರಲ್ಲಿ ಅರ್ಧ ವೋಲ್ಟಿಗಿಂತ ಜಾಸ್ತಿ ಬಂತು. ಅರ್ಥ್ ಬೋಲ್ಟ್ ಬಿಚ್ಚಿ ಕೆಳಗಿನ ತುಕ್ಕು, ಪೇಂಟ್ ಕೆರೆದು ವ್ಯಾಸಲೀನ್ ಹಚ್ಚಿ ಟೈಟ್ ಮಾಡಿದ್ಮೇಲೆ ಸೊನ್ನೆ ಹತ್ರ ಬಂತು, ಹೆಡ್‌ಲೈಟಿನ ಬೆಳಕೇ ಬದಲಾಯ್ತು. ಕೊನೆಗೆ ಸ್ಟಾರ್ಟ್ ಮಾಡಿ ರೇಸ್ ಕೊಟ್ಟು ಚಾರ್ಜಿಂಗ್ ನೋಡಿದ್ರು, 14 ವೋಲ್ಟ್ ಆಸುಪಾಸು ಇತ್ತು. 15 ದಾಟಿದ್ರೆ ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟ್ ಹಿಡಿದಿಡೋ ಭಾಗ) ಹೋಗಿದೆ ಅಂತ, ಆಗ ಬಲ್ಬು ಪದೇಪದೇ ಹೋಗುತ್ತೆ, ಬ್ಯಾಟರಿ ನೀರೂ ಬೇಗ ಇಳಿಯುತ್ತೆ.

ದಪ್ಪ ಫ್ಯೂಸಿನ ಮಾತು ಎತ್ತಿದ್ದಕ್ಕೆ ಮಾತ್ರ ಚಾಚಾಗೆ ಸಿಟ್ಟೇ ಬಂತು. ಫ್ಯೂಸ್ ಇರೋದು ವೈರನ್ನ ಉಳಿಸೋಕೆ, ಅದರ ಜಾಗಕ್ಕೆ ದಪ್ಪಂದೋ ತಾಮ್ರದ ಎಳೆನೋ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದನೋ ಇಟ್ರೆ ಮುಂದಿನ ಸಲ ಸುಡೋದು ವೈರು, ಅದೂ ಪೆಟ್ರೋಲ್ ಟ್ಯಾಂಕಿನ ಕೆಳಗೆ. ಹಂಗೇ ಎಕ್ಸ್ಟ್ರಾ ಲೈಟಿನ ವಿಷಯ, 35 ವ್ಯಾಟ್ ಹೆಡ್‌ಲೈಟ್ ಎಳೆಯೋದು ಮೂರು ಆಂಪಿಯರ್, ಅದರ ಮೇಲೆ 55 ವ್ಯಾಟಿನ ಎರಡು ಲೈಟ್ ಹಾಕಿದ್ರೆ ಇನ್ನೂ ಒಂಬತ್ತು ಆಂಪಿಯರ್ ಸೇರುತ್ತೆ, ಹಳೇ ವೈರು ಅದನ್ನ ಎಲ್ಲಿಂದ ತಡೆಯುತ್ತೆ?

ನಾನು ಕೂತಿದ್ದಾಗ್ಲೇ ಒಬ್ರು ಹಳೇ ಸ್ಪ್ಲೆಂಡರ್ ತಳ್ಳಿಕೊಂಡು ಬಂದ್ರು, ಇಂಡಿಕೇಟರ್ ಹಾರ್ನ್ ಎಲ್ಲಾ ಇದೆ ಗಾಡಿ ಮಾತ್ರ ಸ್ಟಾರ್ಟ್ ಆಗ್ತಿಲ್ಲ ಅಂತ. ಅದು ಬುಲೆಟ್ಟಿಗೆ ಉಲ್ಟಾ ಕೇಸು. ಪಾಯಿಂಟಿನ ಬುಲೆಟ್ಟಿಗೆ ಸ್ಪಾರ್ಕ್ ಬ್ಯಾಟರಿಯಿಂದ, ಹಂಗಾಗಿ ಫ್ಯೂಸ್ ಹೋದ್ರೆ ಇಂಜಿನ್ನೂ ಹೋಗುತ್ತೆ, ಹಳೇ ಸ್ಪ್ಲೆಂಡರಲ್ಲಿ, ಆರ್‌ಎಕ್ಸಲ್ಲಿ ಸ್ಪಾರ್ಕಿನ ಕರೆಂಟು ಇಂಜಿನ್ ಜೊತೆ ತಿರುಗೋ ಮ್ಯಾಗ್ನೆಟ್ ಒಳಗಿನ ಕಾಯಿಲಿಂದ ನೇರ ಸಿಡಿಐಗೆ (ಸ್ಪಾರ್ಕ್ ಹೊಡೆಸೋ ಎಲೆಕ್ಟ್ರಾನಿಕ್ ಡಬ್ಬಿ) ಬರುತ್ತೆ, ಬ್ಯಾಟರಿ ಸತ್ತಿದ್ರೂ ಕಿಕ್ ಹೊಡೆದ್ರೆ ಗಾಡಿ ಓಡುತ್ತೆ. ಆದ್ರೆ ಅದರಲ್ಲಿ ಕೀ ಆಫ್ ಮಾಡೋದು ಅಂದ್ರೆ ಸಿಡಿಐನ ಒಂದು ವೈರನ್ನ ಅರ್ಥ್ ಮಾಡೋದು, ಆ ವೈರು ಎಲ್ಲಾದ್ರೂ ಬಾಡಿಗೆ ತಾಗಿದ್ರೆ ಕೀ ಆನ್ ಇದ್ರೂ ಗಾಡಿ ಪಾಲಿಗೆ ಆಫೇ. ಚಾಚಾ ಆ ಕಪ್ಪು-ಬಿಳಿ ಗೆರೆ ವೈರನ್ನ ಕಳಚಿ ಕಿಕ್ ಹೊಡೆಸಿದ್ರು, ಶುರು ಆಯ್ತು. ಸ್ಪಾರ್ಕ್ ಪ್ಲಗ್, ಸಿಡಿಐ ಎರಡನ್ನೂ ಆ ಮನುಷ್ಯ ಆಗ್ಲೇ ಹೊಸದು ಹಾಕ್ಸಿದ್ರಂತೆ, ಪಾಪ.

ದುಡ್ಡು ಮೊದ್ಲೇ ಹೇಳ್ತಾರೆ, ನನಗೆ ಹೊಸ ಬ್ಯಾಟರಿ ಬೆಲೆಯ ಕಾಲು ಭಾಗವೂ ಆಗ್ಲಿಲ್ಲ. ಕತ್ತರಿಸಿ ತೆಗೆದ ಹಳೇ ವೈರನ್ನ ಕೈಗೆ ಕೊಟ್ಟು ತೋರಿಸಿದ್ರು.

ಕೊರತೆನೂ ಹೇಳ್ಬೇಕು. ಒಬ್ರೇ ಕೆಲಸ ಮಾಡೋದು, ನಿಧಾನ, ನಿಮ್ಮ ಮುಂದೆ ಗಾಡಿಗಳು ಇದ್ರೆ ಮಾರನೇ ದಿನ ಬನ್ನಿ ಅಂತಾರೆ. ಕೂರೋಕೆ ಸರಿಯಾದ ಜಾಗ ಇಲ್ಲ, ಫೋನ್ ಎತ್ತೋದು ಅಪರೂಪ, ಬಿಲ್ ಕೊಡಲ್ಲ, ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗಿರ್ತಾರೆ. ಎಫ್ಐ (ಕಾರ್ಬುರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಇರೋ) ಗಾಡಿ ತಗೋಳಲ್ಲ, ಸ್ಕ್ಯಾನರ್ ಇಲ್ಲ ಅಂತ ನೇರವಾಗೇ ಹೇಳಿ ಕಳಿಸ್ತಾರೆ, ಅದು ನನಗೆ ಸರಿ ಅನ್ನಿಸ್ತು. ಅರ್ಜೆಂಟ್ ಇರೋರಿಗೆ ಈ ಅಂಗಡಿ ಆಗಲ್ಲ, ಹಳೇ ಗಾಡಿ ಇನ್ನೂ ಹತ್ತು ವರ್ಷ ಓಡಿಸ್ಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೇದು ಊರಲ್ಲಿ ನಾನಂತೂ ನೋಡಿಲ್ಲ.

ಹೋಗೋದಾದ್ರೆ ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ಹೋಗಿ. ಗಾಡಿ ವಾಶ್ ಮಾಡಿಸ್ಕೊಂಡು ಹೋಗ್ಬೇಡಿ, ನೀರು ಸೇರಿದ್ರೆ ಒಂದು ಪ್ರಾಬ್ಲಮ್ ಎರಡಾಗುತ್ತೆ. ಮತ್ತೆ ಹೋಗಿರೋ ಫ್ಯೂಸ್ ಗಾಜಿಂದಾಗಿದ್ರೆ ಬಿಸಾಕ್ದೇ ಜೇಬಲ್ಲಿ ಇಟ್ಕೊಂಡು ಹೋಗಿ, ಚಾಚಾ ಅದನ್ನ ಮೊದ್ಲು ಕೇಳ್ತಾರೆ: ಗಾಜು ಕಪ್ಪಗಾಗಿದ್ರೆ ನೇರ ಶಾರ್ಟ್, ಗಾಜು ಸ್ವಚ್ಛ ಇದ್ದು ಒಳಗಿನ ತಂತಿ ಮಾತ್ರ ನಡುವೆ ಕರಗಿದ್ರೆ ಲೋಡ್ ಜಾಸ್ತಿ ಆಗಿರೋದು.