ತಲೆಪಟ್ಟಿಯ ಕಿವಿ ಮಷಿನ್: ಎರಡೂವರೆ ವರ್ಷ ಬಳಸಿದ ಮೇಲೆ

ಸಂಜೆ ಮಂಡಕ್ಕಿ ತಿನ್ನುವಾಗ ಎದುರಿಗೆ ಕೂತವರ ಮಾತು ನನಗೆ ಕೇಳುತ್ತಿರಲಿಲ್ಲ. ಬಾಯೊಳಗಿನ ಕುರುಕುರು ಮಾತ್ರ ತಲೆ ತುಂಬ. ದಾವಣಗೆರೆಯಲ್ಲಿದ್ದು ಮಂಡಕ್ಕಿ ಬಿಡೋಕಾಗುತ್ತಾ?

ಕಿವಿ ಡಾಕ್ಟರು ಟ್ಯೂನಿಂಗ್ ಫೋರ್ಕ್ ಬಡಿದು ಕಿವಿ ಮುಂದೆ ಹಿಡಿದರು. ಸಣ್ಣ ಸದ್ದು. ಅದರ ಬುಡವನ್ನು ಕಿವಿ ಹಿಂದಿನ ಮೂಳೆಗೆ ಒತ್ತಿದರು. ಗುಂಯ್ ಅಂತ ಜೋರಾಗಿ ಕೇಳಿತು. ನರ ಚೆನ್ನಾಗಿದೆ, ಸದ್ದು ಒಳಗೆ ಹೋಗುವ ದಾರಿ ಕೆಟ್ಟಿದೆ ಅಂದರು.

ಗುಗ್ಗೆ ಕಟ್ಟಿದರೂ ಹೀಗಾಗುತ್ತದೆ, ತೆಗೆಸಿದರೆ ಮುಗಿಯಿತು. ನೆಗಡಿಯಾದ ಮೇಲೆ ಕಿವಿ ತಮಟೆ ಹಿಂದೆ ನೀರು ನಿಂತರೂ, ಅದರ ಒಳಗಿನ ರಿಕಾಪಿನಂಥ ಪುಟ್ಟ ಮೂಳೆ ಬಿಗಿದುಕೊಂಡರೂ ಹೀಗೇ. ನನ್ನದು ಚಿಕ್ಕಂದಿನಿಂದ ಸೋರುವ ಕಿವಿ, ಎರಡೂ ತಮಟೆಯಲ್ಲಿ ತೂತು. ಸೋರಿದಾಗಲೆಲ್ಲ ಅಜ್ಜಿ ಬೆಳ್ಳುಳ್ಳಿ ಎಣ್ಣೆ ಬಿಡುತ್ತಿದ್ದಳು. ತೂತಿದ್ದ ಕಿವಿಗೆ ಅದನ್ನು ಹಾಕಲೇಬಾರದಂತೆ! ಬಲಗಿವಿಗೆ ಪರದೆ ಕೂರಿಸುವ ಆಪರೇಷನ್ ಮಾಡಿಸಿದೆ, ಹಿಡಿಯಲಿಲ್ಲ.

ಆಮೇಲೆ ಕಿವಿಯೊಳಗೆ ತೂರಿಸುವ ಮಷಿನ್ ಕೊಂಡೆ. ಅದರ ಅಚ್ಚು ಕಿವಿಯನ್ನು ಮುಚ್ಚಿ, ಗಾಳಿಯಾಡದೆ ಮತ್ತೆ ಸೋರಿಕೆ, ವಾಸನೆ. ಮಾರಿದವರು ಕಿವಿ ಸೋರುತ್ತಾ ಅಂತ ಒಂದು ಮಾತೂ ಕೇಳಿರಲಿಲ್ಲ.

ಈಗಿನ ತಲೆಪಟ್ಟಿಯ ಮಷಿನ್, ಆ ಕುರುಕುರು ಸದ್ದು ಮೂಳೆಯ ಮೂಲಕ ಒಳಗಿವಿಗೆ ಹೋಗುವ ದಾರಿಯನ್ನೇ ಹಿಡಿಯುತ್ತದೆ. ಗುಂಡಿಯಂಥ ತುದಿ ಕಿವಿ ಹಿಂದಿನ ಮೂಳೆ ಮೇಲೆ ಕೂತು ನಡುಗುತ್ತದೆ. ಕಿವಿ ತೆರೆದೇ ಇರುತ್ತದೆ, ಸೋರಿಕೆ ತುಂಬಾ ಕಮ್ಮಿಯಾಗಿದೆ. ನಾನು ಮಂಡಿಯಲ್ಲಿ ಲೆಕ್ಕ ಬರೆಯುವವನು. ಮೊದಲ ದಿನ ಹಮಾಲರು ಹಿಂದಿನ ಗೋದಾಮಿನಲ್ಲಿ ಮೂಟೆ ಎಣಿಸುತ್ತಿದ್ದುದು ಕೇಳಿ ಪೆನ್ನು ಹಾಗೇ ನಿಂತಿತು.

ತೊಂದರೆ ಇಲ್ಲವೇ? ಇದೆ. ಪಟ್ಟಿ ಸಡಿಲವಾದರೆ ಸದ್ದು ಕಮ್ಮಿ, ಬಿಗಿಯಾದರೆ ಮಧ್ಯಾಹ್ನಕ್ಕೆ ತಲೆನೋವು, ಚರ್ಮದ ಮೇಲೆ ಕೆಂಪು ಗುಳಿ. ಎರಡು ಗಂಟೆಗೊಮ್ಮೆ ತುದಿಯನ್ನು ಚೂರು ಸರಿಸುತ್ತೇನೆ. ಏಪ್ರಿಲ್ ಬೆವರಲ್ಲಂತೂ ಜಾರುತ್ತದೆ. ನಡುವೆ ಚರ್ಮ ಇರುವುದರಿಂದ 'ಸ', 'ಶ' ಅಷ್ಟು ಸ್ಪಷ್ಟವಿಲ್ಲ. ಮೂಳೆಗೆ ಸ್ಕ್ರೂ ಹಾಕಿ ಕೂರಿಸುವ ಬಗೆಯದು ಇದಕ್ಕಿಂತ ಚೆನ್ನ, ಆದರೆ ದುಬಾರಿ. ಇನ್ನೊಂದು ಆಪರೇಷನ್ ನನಗೆ ಬೇಡಪ್ಪ.

ಬ್ಯಾಟರಿ 13 ನಂಬರಿನದು. ಸ್ಟಿಕರ್ ಕಿತ್ತು ಐದು ನಿಮಿಷ ಗಾಳಿಗಿಟ್ಟು ಹಾಕಿ. ನನಗೆ ಹತ್ತು ದಿನ ಬರುತ್ತದೆ. ಮಷಿನ್ ಬಂತು ಅಂತ ತೂತು ಮುಚ್ಚಿಲ್ಲ, ಸ್ನಾನಕ್ಕೆ ಹತ್ತಿಗೆ ವ್ಯಾಸಲೀನ್ ಸವರಿ ಇಟ್ಟುಕೊಳ್ಳುವುದು ಇದ್ದೇ ಇದೆ. ನರವೇ ಸೋತವರಿಗೆ ಇದು ಅಷ್ಟಾಗಿ ಆಗಿಬರದು, ಕಿವಿ ಪರೀಕ್ಷೆ ಮಾಡಿಸದೆ ಸುಮ್ನೆ ತರಿಸಿಕೊಳ್ಳಬೇಡಿ.

ಮಂಡಕ್ಕಿ ಕುರುಕುರು ಈಗಲೂ ಜೋರೇ. ಆದರೆ ನಡುವೆ "ಅಣ್ಣಾ, ಇನ್ನೊಂದು ಮಿರ್ಚಿ ಹಾಕ್ಲಾ?" ಅನ್ನೋದು ಕೇಳುತ್ತದೆ.