ಮೊದಲ ಮೆಟಲ್ ಆಲ್ಬಮ್: ರೆಕಾರ್ಡಿಂಗ್ ಊರಲ್ಲೇನಾ, ಬೆಂಗಳೂರಲ್ಲಾ?

ಶಿವಮೊಗ್ಗದ ಆಲ್ಟರ್ನೇಟಿವ್ ಮೆಟಲ್ (ಭಾರೀ ಗಿಟಾರ್ ಸದ್ದಿನ ರಾಕ್) ಬ್ಯಾಂಡ್ ಸ್ವಂತ ದುಡ್ಡಲ್ಲಿ ಆಲ್ಬಮ್ ಮಾಡಲು ಹೊರಟರೆ ಮೊದಲು ಕಾಡುವುದು ಡ್ರಮ್ಸ್. ಗಿಟಾರ್, ಬೇಸ್‌ಗೆ ಮನೆಯೇ ಸಾಕು. ಆಡಿಯೋ ಇಂಟರ್‌ಫೇಸ್‌ಗೆ (ವಾದ್ಯದ ಸದ್ದನ್ನು ಕಂಪ್ಯೂಟರ್‌ಗೆ ಕಳಿಸುವ ಪೆಟ್ಟಿಗೆ) ನೇರ ಕೇಬಲ್ ಹಾಕಿ, ಗಿಟಾರ್ ಆಂಪ್ಲಿಫೈಯರ್‌ನ ಸದ್ದನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ಕೂರಿಸಬಹುದು. ಗಂಟೆ ಲೆಕ್ಕದ ಬಾಡಿಗೆ ಇಲ್ಲ, ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಸರಿಬರುವವರೆಗೂ ನುಡಿಸಬಹುದು.

ಡ್ರಮ್ಸ್ ಹಾಗಲ್ಲ. ಕಿಕ್, ಸ್ನೇರ್, ಟಾಮ್ ಎಂಬ ಡ್ರಮ್‌ಗಳಿಗೆ ಒಂದೊಂದು ಮೈಕ್, ಸಿಂಬಲ್‌ಗಳ (ಲೋಹದ ತಟ್ಟೆಗಳು) ಮೇಲೆ ಎರಡು. ಚಿಕ್ಕ ಕೋಣೆಯಲ್ಲಿ ಸಿಂಬಲ್ ಸದ್ದು ಎಲ್ಲ ಮೈಕ್‌ಗೂ ನುಗ್ಗುತ್ತದೆ. ಜುಲೈನಲ್ಲಂತೂ ಶೀಟಿನ ಮೇಲೆ ಬೀಳುವ ಮಳೆಯೂ ಟ್ರ್ಯಾಕ್‌ಗೆ ಸೇರುತ್ತದೆ, ಆಮೇಲೆ ತೆಗೆಯೋದು ಬಹಳ ಕಷ್ಟ. ಹಾಗಾಗಿ ಡ್ರಮ್ಸ್‌ಗೆ ಮಾತ್ರ ಬೆಂಗಳೂರಿನ ಒಳ್ಳೆ ಸ್ಟುಡಿಯೋ ಹಿಡಿಯಿರಿ ಅಂತೀನಿ. ರಾತ್ರಿ ರೈಲು ಇದೆ. ಗೈಡ್ ಟ್ರ್ಯಾಕ್ (ಡ್ರಮ್ಮರ್ ಕೇಳಿಕೊಂಡು ನುಡಿಸುವ ಹಾಡಿನ ಕಚ್ಚಾ ರೆಕಾರ್ಡಿಂಗ್), ಕ್ಲಿಕ್ (ತಾಳ ಹಿಡಿಯುವ ಟಿಕ್ ಟಿಕ್ ಸದ್ದು) ಸಿದ್ಧ ಮಾಡಿಕೊಂಡು ಹೋದರೆ ಬಾಡಿಗೆ ಉಳಿಯುತ್ತದೆ. ಹಾಡುವುದು ಮನೆಯಲ್ಲೇ, ಮಳೆ ಬಿಟ್ಟ ಮೇಲೆ. ಕಿರುಚಿ ಹಾಡೋದಕ್ಕೆ ಡೈನಾಮಿಕ್ ಮೈಕ್ (ಜೋರು ಸದ್ದು ತಡೆಯುವ, ವೇದಿಕೆಯಲ್ಲಿ ಬಳಸುವಂಥದ್ದು) ಸಾಕು.

ಮಾರಾಟಕ್ಕೆ ಬ್ಯಾಂಡ್‌ಕ್ಯಾಂಪ್ (ಬ್ಯಾಂಡ್‌ಗಳೇ ಕೇಳುಗರಿಗೆ ನೇರ ಹಾಡು ಮಾರುವ ವೆಬ್‌ಸೈಟ್) ನನಗಿಷ್ಟ. ಡಿಜಿಟಲ್ ಮಾರಾಟದಲ್ಲಿ ಶೇ. 15 ಮುರಿದುಕೊಳ್ಳುತ್ತದೆ, ಪಾವತಿ ಶುಲ್ಕ ಬೇರೆ. ಉಳಿದದ್ದು ಬ್ಯಾಂಡಿನದು. ಸ್ಪಾಟಿಫೈಗೆ ವಿತರಕರ (ಹಾಡನ್ನು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ತಲುಪಿಸುವ ಕಂಪನಿ) ಮೂಲಕ ಹೋಗಬೇಕು. ಅಲ್ಲಿ ಕೇಳುಗರು ಜಾಸ್ತಿ, ಒಂದೊಂದು ಕೇಳುವಿಕೆಗೆ ಸಿಗುವ ದುಡ್ಡು ತೀರಾ ಕಮ್ಮಿ. ಮೊದಲು ಬ್ಯಾಂಡ್‌ಕ್ಯಾಂಪ್‌ನಲ್ಲಿ ಬಿಡಿ, ಒಂದೆರಡು ವಾರ ಕಳೆದು ಸ್ಪಾಟಿಫೈಗೆ ಹಾಕಿ.