ಆಸ್ಟ್ರೇಲಿಯಾದ 'ನಂಬರ್ ಒನ್': ಗೋ-ಸೆಟ್, ಕೆಂಟ್, ಆರಿಯಾಗಳಲ್ಲಿ ಯಾವುದನ್ನು ನೋಡಬೇಕು?

ಒಂದು ಹಾಡು ಆಸ್ಟ್ರೇಲಿಯಾದಲ್ಲಿ ನಂಬರ್ ಒನ್ ಆಗಿತ್ತೇ ಎಂದು ಪರಿಶೀಲಿಸಲು ಮೊದಲು ಅದು ಬಿಡುಗಡೆಯಾದ ವರ್ಷ ಗೊತ್ತುಮಾಡಿಕೊಳ್ಳಿ. ಯಾವ ಪಟ್ಟಿ (ಚಾರ್ಟ್) ನೋಡಬೇಕೆಂಬುದು ಅದರ ಮೇಲೇ ನಿಂತಿದೆ.

1988ರ ಮಧ್ಯಭಾಗದ ನಂತರದ ಹಾಡಾದರೆ ಆರಿಯಾ (ಆಸ್ಟ್ರೇಲಿಯಾದ ಧ್ವನಿಮುದ್ರಣ ಉದ್ಯಮದ ಸಂಘ) ಪಟ್ಟಿಯೇ ಸಾಕು. 1974ರಿಂದ ಅಲ್ಲಿಯವರೆಗೆ ಸಂಗೀತ ಇತಿಹಾಸಕಾರ ಡೇವಿಡ್ ಕೆಂಟ್ ಅವರ ವರದಿ (ಕೆಂಟ್ ಮ್ಯೂಸಿಕ್ ರಿಪೋರ್ಟ್) ನೋಡಿ. 1983ರಲ್ಲಿ ಹುಟ್ಟಿದ ಆರಿಯಾ ಕೂಡ ಮೊದಲ ಐದು ವರ್ಷ ಕೆಂಟ್ ಪಟ್ಟಿಯನ್ನೇ ಪರವಾನಗಿ ಪಡೆದು ಬಳಸಿತು. ಹಾಗಾಗಿ '1977ರಲ್ಲಿ ಆರಿಯಾ ನಂಬರ್ ಒನ್' ಎಂದು ಯಾರಾದರೂ ಬರೆದರೆ ಆ ಮೂಲವನ್ನು ನಂಬಬೇಡಿ.

ತೊಡಕಿರುವುದು 1966–74ರ ಅವಧಿಯಲ್ಲಿ. ಗೋ-ಸೆಟ್ ಎಂಬ ಪಾಪ್ ಸಂಗೀತ ಪತ್ರಿಕೆಯ ರಾಷ್ಟ್ರೀಯ ಪಟ್ಟಿ ಆಯಾ ವಾರವೇ ಅಚ್ಚಾದದ್ದು. ಕೆಂಟ್ ಅವರ ಈ ಅವಧಿಯ ಪಟ್ಟಿ ನಂತರ ಲೆಕ್ಕಹಾಕಿದ್ದು. ಎರಡೂ ಒಂದೇ ಉತ್ತರ ಕೊಡಬೇಕೆಂದಿಲ್ಲ. 'ಆ ಕಾಲದ ಜನ ಏನು ಓದಿದರು' ಎಂಬುದಕ್ಕೆ ಗೋ-ಸೆಟ್, ದಶಕಗಳ ಹೋಲಿಕೆಗೆ ಕೆಂಟ್ ಒಳ್ಳೆಯದು. ಯಾವುದನ್ನು ಬಳಸಿದಿರೆಂದು ಹೆಸರಿಸಲೇಬೇಕು.

1966ಕ್ಕೂ ಹಿಂದೆ ಇದ್ದದ್ದು ಸಿಡ್ನಿ, ಮೆಲ್ಬರ್ನ್‌ನಂಥ ನಗರಗಳ ರೇಡಿಯೋ ಪಟ್ಟಿಗಳು. ಒಂದು ನಗರದ ಮೊದಲ ಸ್ಥಾನವನ್ನು ಇಡೀ ದೇಶದ್ದೆಂದು ಬರೆಯುವುದೇ ಇಲ್ಲಿ ಪದೇಪದೇ ಆಗುವ ತಪ್ಪು.

ಆರಿಯಾ ಕೊಡುವ ಪ್ಲಾಟಿನಂ ಮನ್ನಣೆ ಎಂದರೆ ಈಗ 70,000 ಯೂನಿಟ್ (ಮಾರಾಟ ಮತ್ತು ಸ್ಟ್ರೀಮಿಂಗ್ ಲೆಕ್ಕ) ಅಷ್ಟೇ. ಅದು ಪಟ್ಟಿಯಲ್ಲಿನ ಸ್ಥಾನಕ್ಕೆ ಸಾಕ್ಷಿಯಲ್ಲ.